ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ದೋಷ ಪತ್ತೆ ಹಚ್ಚುವ ಕ್ರಮ

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಆನ್ ಆಗದೇ ಹೋದರೆ ಹೆಚ್ಚಿನವರು ಮೊದಲು ಯೋಚಿಸುವುದು ಮದರ್‌ಬೋರ್ಡ್ ಹೋಯಿತೋ, ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟ್ ಕೊಡುವ ಪವರ್ ಡಬ್ಬಿ) ಹೋಯಿತೋ ಎಂದೇ. ಹೊಸ ಭಾಗ ಕೆಟ್ಟೇ ಬರುವುದೂ ಉಂಟು. ಆದರೆ ಅದಕ್ಕಿಂತ ಹೆಚ್ಚಾಗಿ ಕಾಣುವುದು ಅರ್ಧ ಕೂತ ರ‍್ಯಾಮ್, ಹಾಕಲು ಮರೆತ ಒಂದು ಪವರ್ ಕೇಬಲ್, ತಪ್ಪು ಪಿನ್‌ಗೆ ಹೋದ ಬಟನ್ ವೈರು, ಪ್ರೊಸೆಸರ್ ಗುರುತಿಸದ ಹಳೆಯ ಬಯಾಸ್ (ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್). ಇವುಗಳಲ್ಲಿ ಯಾವುದಕ್ಕೂ ದುಡ್ಡು ಖರ್ಚಾಗುವುದಿಲ್ಲ. ಊಹೆಯ ಮೇಲೆ ಭಾಗ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಬಟನ್ ಒತ್ತಿದ ಮೇಲೆ ಒಳಗೆ ನಡೆಯುವ ಕೆಲಸಕ್ಕೆ ಒಂದು ಕ್ರಮವಿದೆ. ಬಟನ್ ಮದರ್‌ಬೋರ್ಡಿನ ಎರಡು ಪಿನ್‌ಗಳನ್ನು ಒಂದು ಕ್ಷಣ ಕೂಡಿಸುತ್ತದೆ. ಬೋರ್ಡು ಎಸ್‌ಎಂಪಿಎಸ್‌ಗೆ ಆನ್ ಆಗಲು ಸೂಚನೆ ಕೊಡುತ್ತದೆ. 12, 5 ಮತ್ತು 3.3 ವೋಲ್ಟ್ ಲೈನ್‌ಗಳು ಸ್ಥಿರವಾದ ಮೇಲೆ ಎಸ್‌ಎಂಪಿಎಸ್ 'ಪವರ್ ಗುಡ್' ಎಂಬ ಸಂಕೇತ ಕಳಿಸುತ್ತದೆ. ಆಗ ಪ್ರೊಸೆಸರ್ ಕೆಲಸ ಶುರು ಮಾಡಿ ಬಯಾಸ್ ಓದುತ್ತದೆ, ರ‍್ಯಾಮ್ ಸಿದ್ಧಪಡಿಸುತ್ತದೆ, ಗ್ರಾಫಿಕ್ಸ್ ಹುಡುಕುತ್ತದೆ, ಕೊನೆಗೆ ಡಿಸ್ಕ್ ಕಡೆ ಹೋಗುತ್ತದೆ. ಈ ಸಾಲಿನಲ್ಲಿ ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ತಿಳಿದುಕೊಳ್ಳುವುದೇ ಅರ್ಧ ರಿಪೇರಿ.

ಹಾಗಾಗಿ ಏನನ್ನೂ ಬಿಚ್ಚುವ ಮೊದಲು ಒಮ್ಮೆ ಬಟನ್ ಒತ್ತಿ ಸುಮ್ಮನೆ ನೋಡಿ. ಏನೂ ಆಗುತ್ತಿಲ್ಲವೇ? ಫ್ಯಾನ್ ತಿರುಗಲು ಶುರುವಾಗಿ ತಕ್ಷಣ ನಿಲ್ಲುತ್ತಿದೆಯೇ? ಅಥವಾ ಫ್ಯಾನ್, ಲೈಟು ಎಲ್ಲ ಇದ್ದು ಡಿಸ್‌ಪ್ಲೇ ಮಾತ್ರ ಬರುತ್ತಿಲ್ಲವೇ? ಈ ಮೂರಕ್ಕೂ ಹುಡುಕುವ ಜಾಗ ಬೇರೆ ಬೇರೆ.

ಕೈಯಲ್ಲಿ ಇರಬೇಕಾದ್ದು ಇಷ್ಟು: 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಮೊಬೈಲಿನಲ್ಲಿ ಮದರ್‌ಬೋರ್ಡಿನ ಮ್ಯಾನುಯಲ್. ಒಳಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಗೋಡೆಯ ಸ್ವಿಚ್ ಆರಿಸಿ, ಪವರ್ ಕಾರ್ಡ್ ಕಿತ್ತು, ಕ್ಯಾಬಿನೆಟ್ಟಿನ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇದರಿಂದ ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಪೇಂಟ್ ಇಲ್ಲದ ಲೋಹ ಮುಟ್ಟಿ ಆಮೇಲೆ ಬೋರ್ಡು ಮುಟ್ಟಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲಿನ ಡಿಸಿ ಇರುತ್ತದೆ, ಕಾರ್ಡ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬಹುದು.

ಏನೂ ಆಗುತ್ತಿಲ್ಲ ಎಂದಾದರೆ

ಹೊರಗಿನಿಂದ ಒಳಗೆ ಬನ್ನಿ. ಅದೇ ಸಾಕೆಟ್‌ಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ಉರಿಯುತ್ತದೆಯೇ ನೋಡಿ. ಯುಪಿಎಸ್, ಸ್ಪೈಕ್ ಬಸ್ಟರ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲ ಬಿಟ್ಟು ಕಂಪ್ಯೂಟರನ್ನು ನೇರ ಗೋಡೆಗೆ ಕೊಡಿ. ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ಚಿನಲ್ಲಿ ಗೀಟು ಇರುವ ಕಡೆ ಒತ್ತಿರಬೇಕು, ಸೊನ್ನೆ ಇರುವ ಕಡೆ ಅಲ್ಲ. ಪವರ್ ಕಾರ್ಡ್ ಎಸ್‌ಎಂಪಿಎಸ್ ಒಳಗೆ ಪೂರ್ತಿ ಹೋಗಿರಬೇಕು. ಬಿಗಿಯಾಗಿರುವ ಹೊಸ ಸಾಕೆಟ್‌ಗಳಲ್ಲಿ ಕೊನೆಯ ಅರ್ಧ ಸೆಂಟಿಮೀಟರ್ ಒಳಹೋಗದೆ ಉಳಿಯುವುದು ಮಾಮೂಲು.

ಹಲವು ಬೋರ್ಡುಗಳಲ್ಲಿ ಹಿಂದಿನ ಸ್ವಿಚ್ ಹಾಕಿದ ಕೂಡಲೇ, ಬಟನ್ ಒತ್ತುವ ಮೊದಲೇ, ಒಂದು ಚಿಕ್ಕ ಎಲ್‌ಇಡಿ ಹತ್ತುತ್ತದೆ. ಅದು ಹತ್ತಿದರೆ 5 ವೋಲ್ಟ್ ಸ್ಟ್ಯಾಂಡ್‌ಬೈ (ಯಂತ್ರ ಆರಿದ್ದಾಗಲೂ ಇರುವ ಕರೆಂಟು) ಬೋರ್ಡಿಗೆ ತಲುಪುತ್ತಿದೆ ಎಂದು ಅರ್ಥ. ಆಗ ಅನುಮಾನ ಬಟನ್ ವೈರಿನ ಮೇಲೆ ಹೋಗಬೇಕು.

ಆ ವೈರು ಹೋಗುವ ಜಾಗ ಬೋರ್ಡಿನ ಕೆಳಗಿನ ಬಲಮೂಲೆ. ಎಫ್ ಪ್ಯಾನೆಲ್, ಜೆಎಫ್‌ಪಿ1, ಪ್ಯಾನೆಲ್1 ಎಂದು ಕಂಪನಿಗೊಂದು ಹೆಸರು ಬರೆದಿರುತ್ತಾರೆ. ಇಂದಿನ ಬಹುತೇಕ ಬೋರ್ಡುಗಳಲ್ಲಿ ಅಲ್ಲಿ ಒಂದು ಸಾಲಿನಲ್ಲಿ 5, ಇನ್ನೊಂದರಲ್ಲಿ 4 ಪಿನ್ ಇರುತ್ತವೆ. 4 ಪಿನ್ ಇರುವ ಸಾಲಿನಲ್ಲಿ, ಖಾಲಿ ಮೂಲೆಗೆ ಹತ್ತಿರದ ಎರಡು ಪಿನ್ ಪವರ್ ಬಟನ್ನಿನವು. ಆ ಸಾಲಿನ ಉಳಿದೆರಡು ಪವರ್ ಎಲ್‌ಇಡಿಗೆ. ಎದುರು ಸಾಲಿನಲ್ಲಿ ಪವರ್ ಬಟನ್ ಪಿನ್‌ಗಳ ಪಕ್ಕದ ಜೋಡಿ ರೀಸೆಟ್‌ಗೆ. ದೊಡ್ಡ ಪ್ಯಾನೆಲ್ ಇರುವ ಕೆಲವು ಬೋರ್ಡುಗಳಲ್ಲಿ ಜೋಡಣೆ ಬೇರೆ ಇರುವುದರಿಂದ ಬೋರ್ಡಿನ ಮೇಲಿನ ಬರಹವನ್ನೂ ಮ್ಯಾನುಯಲ್ಲಿನ ಚಿತ್ರವನ್ನೂ ಹೊಂದಿಸಿ ನೋಡಿ. ಬಟನ್ನಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಎಲ್‌ಇಡಿಗೆ ಮಾತ್ರ ಇದೆ, ಉಲ್ಟಾ ಹಾಕಿದರೆ ಅದು ಹತ್ತುವುದಿಲ್ಲ, ಅಷ್ಟೇ.

ಈಗ ಬಟನ್ ವೈರು ಕಿತ್ತು, ಪವರ್ ಕಾರ್ಡ್ ಮತ್ತೆ ಹಾಕಿ ಸ್ವಿಚ್ ಒತ್ತಿ, ಆ ಎರಡು ಪವರ್ ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಯಂತ್ರ ಎದ್ದರೆ ಮದರ್‌ಬೋರ್ಡ್, ಎಸ್‌ಎಂಪಿಎಸ್ ಎರಡೂ ಜೀವಂತ. ಕೆಟ್ಟಿದ್ದು ಕ್ಯಾಬಿನೆಟ್ಟಿನ ಬಟನ್. ಹೊಸ ಕ್ಯಾಬಿನೆಟ್ ತರಬೇಕಿಲ್ಲ, ರೀಸೆಟ್ ಬಟನ್ನಿನ ವೈರನ್ನೇ ಪವರ್ ಪಿನ್‌ಗೆ ಹಾಕಿಕೊಂಡರೆ ಆಯಿತು.

ಆಗಲೂ ಏಳದಿದ್ದರೆ 24 ಪಿನ್ನಿನ ದೊಡ್ಡ ಕನೆಕ್ಟರನ್ನು ಪೂರ್ತಿ ಕಿತ್ತು ಮತ್ತೆ ಒತ್ತಿ. ಕ್ಲಿಪ್ಪು ಬೋರ್ಡಿನ ಹಲ್ಲಿಗೆ ಸಿಕ್ಕಿಕೊಂಡಿದ್ದು ಕಣ್ಣಿಗೆ ಕಾಣಬೇಕು. ಮಾಡ್ಯುಲರ್ (ಕೇಬಲ್ ಬಿಡಿಯಾಗಿ ಬರುವ) ಎಸ್‌ಎಂಪಿಎಸ್ ಆದರೆ ಕೇಬಲ್ಲಿನ ಇನ್ನೊಂದು ತುದಿಯನ್ನೂ ಹಾಗೇ ನೋಡಿ. ಇಲ್ಲೊಂದು ಎಚ್ಚರಿಕೆ: ಹಳೆಯ ಮಾಡ್ಯುಲರ್ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಬಳಸಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಒಂದೇ ನಿಯಮ ಅಂತಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬದಲಾಗಬಹುದು. ಕನೆಕ್ಟರ್ ಸರಾಗವಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತವೆ.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬೇಕೆಂದರೆ ಅದರ ಎಲ್ಲ ಕೇಬಲ್ಲನ್ನೂ ಭಾಗಗಳಿಂದ ಬಿಡಿಸಿ, ಪವರ್ ಕಾರ್ಡ್ ಕಿತ್ತಿಡಿ. 24 ಪಿನ್ ಕನೆಕ್ಟರಿನಲ್ಲಿ ಹಸಿರು ವೈರನ್ನು ಪಕ್ಕದ ಕಪ್ಪು ವೈರಿಗೆ ಒಂದು ಪೇಪರ್ ಕ್ಲಿಪ್ಪಿನಿಂದ ಕೂಡಿಸಬೇಕು. ಈಗಿನ ಕೇಬಲ್‌ಗಳು ಎಲ್ಲ ಕಪ್ಪೇ ಆಗಿರುವುದರಿಂದ ಹೀಗೆ ಗುರುತಿಸಿ: ಕ್ಲಿಪ್ ಇರುವ ಕಡೆಯ ಸಾಲಿನಲ್ಲಿ ಒಂದು ಕಿಂಡಿಗೆ ವೈರೇ ಇರುವುದಿಲ್ಲ. ಅದರ ಒಂದು ಪಕ್ಕ 7 ಪಿನ್, ಇನ್ನೊಂದು ಪಕ್ಕ 4 ಪಿನ್ ಇರುತ್ತವೆ. ಆ ಏಳರ ನಟ್ಟನಡುವಿನದೇ ಆನ್ ಮಾಡುವ ಪಿನ್. ಅದರ ಎರಡೂ ಪಕ್ಕದವು ಗ್ರೌಂಡ್, ಅಂದರೆ ಕಪ್ಪು ವೈರಿನ ಪಿನ್. ಕ್ಲಿಪ್ಪು ಹಾಕಿ, ಕೈ ತೆಗೆದು, ಆಮೇಲೆ ಕಾರ್ಡ್ ಹಾಕಿ ಸ್ವಿಚ್ ಒತ್ತಿ. ಕಡಿಮೆ ಬಿಸಿಯಲ್ಲಿ ಫ್ಯಾನ್ ನಿಲ್ಲಿಸಿಡುವ ಎಸ್‌ಎಂಪಿಎಸ್‌ಗಳೂ ಇರುವುದರಿಂದ ಫ್ಯಾನ್ ತಿರುಗಲಿಲ್ಲ ಎಂದ ಮಾತ್ರಕ್ಕೆ ಕೆಟ್ಟಿದೆ ಎನ್ನಬೇಡಿ, ಮಲ್ಟಿಮೀಟರಿನಲ್ಲಿ ಅಳೆಯಿರಿ. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗೆ, 3.3 ವೋಲ್ಟ್ ಲೈನ್ 3.14ರಿಂದ 3.47ರ ಒಳಗೆ ಇರಬೇಕು. ಇಲ್ಲಿ ಸೋತ ಎಸ್‌ಎಂಪಿಎಸ್ ಖಂಡಿತ ಕೆಟ್ಟಿದೆ. ಗೆದ್ದದ್ದು ಚೆನ್ನಾಗಿದೆ ಎಂದು ಮಾತ್ರ ಹೇಳುವಂತಿಲ್ಲ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುವ ದೋಷ ಈ ಪರೀಕ್ಷೆಗೆ ಸಿಗುವುದಿಲ್ಲ.

ಒಂದು ಕ್ಷಣ ತಿರುಗಿ ನಿಲ್ಲುತ್ತಿದ್ದರೆ

ಎಸ್‌ಎಂಪಿಎಸ್ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ, ಇಲ್ಲವೇ ಬೋರ್ಡು ಮುಂದೆ ಹೋಗಲಾರದೆ ಮತ್ತೆ ಮತ್ತೆ ಶುರುಮಾಡುತ್ತಿದೆ. ಮೊದಲು ನೋಡಬೇಕಾದ್ದು ಪ್ರೊಸೆಸರ್ ಪಕ್ಕ, ಬೋರ್ಡಿನ ಮೇಲಿನ ಎಡಮೂಲೆಯ 8 ಪಿನ್ ಕನೆಕ್ಟರ್. ಹೊಸದಾಗಿ ಜೋಡಿಸುವವರು ಅತಿ ಹೆಚ್ಚು ಮರೆಯುವುದು ಇದನ್ನೇ. ಇಲ್ಲಿಗೆ ಬರಬೇಕಾದ್ದು 4+4 ಆಗಿ ಬಿಡಿಸಿಕೊಳ್ಳುವ ಸಿಪಿಯು ಕೇಬಲ್. 6+2 ಆಗಿ ಬಿಡಿಸಿಕೊಳ್ಳುವುದು ಗ್ರಾಫಿಕ್ಸ್ ಕಾರ್ಡಿನದು. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಬಲ ಹಾಕಿ ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೆ ನೇರ ಶಾರ್ಟ್. ಇನ್ನು ಕೆಲವು ಬೋರ್ಡುಗಳು ಈ ಕೇಬಲ್ ಹಾಕದಿದ್ದರೂ ಫ್ಯಾನ್ ತಿರುಗಿಸುತ್ತಲೇ ಇರುತ್ತವೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ.

ಆಮೇಲೆ ಕ್ಯಾಬಿನೆಟ್ಟಿನ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳು, ಅಂದರೆ ಬೋರ್ಡನ್ನು ತಗಡಿನಿಂದ ಮೇಲೆತ್ತಿ ಹಿಡಿಯುವ ಪುಟ್ಟ ಕಾಲುಗಳು. ಅಳತೆಯಲ್ಲಿ ಚಿಕ್ಕದಾದ ಮೈಕ್ರೋ ಎಟಿಎಕ್ಸ್ ಬೋರ್ಡನ್ನು ದೊಡ್ಡ ಕ್ಯಾಬಿನೆಟ್ಟಿಗೆ ಹಾಕುವಾಗ, ಬೋರ್ಡಿನಲ್ಲಿ ತೂತಿಲ್ಲದ ಜಾಗದಲ್ಲೂ ಒಂದು ಸ್ಟ್ಯಾಂಡಾಫ್ ಉಳಿದಿದ್ದರೆ ಅದು ಹಿಂಬದಿಯ ಸೋಲ್ಡರಿಗೆ ತಾಗಿ ಶಾರ್ಟ್ ಮಾಡುತ್ತದೆ. ಬೋರ್ಡು ತೆಗೆದು ಎಣಿಸಿ: ತೂತು ಎಷ್ಟೋ ಸ್ಟ್ಯಾಂಡಾಫ್ ಅಷ್ಟೇ, ಅದೇ ಜಾಗಗಳಲ್ಲೇ. ಬೋರ್ಡಿನ ಹಿಂದೆ ಬಿದ್ದು ಸಿಕ್ಕಿಕೊಂಡ ಸ್ಕ್ರೂ, ಯುಎಸ್‌ಬಿ ಪೋರ್ಟಿನೊಳಗೆ ಮಡಚಿ ಕೂತ ಹಿಂಬದಿ ತಗಡಿನ ನಾಲಗೆ, ಮುಂಭಾಗದ ಯುಎಸ್‌ಬಿಯಲ್ಲಿ ಬಾಗಿ ಒಂದಕ್ಕೊಂದು ತಾಗಿದ ಪಿನ್ – ಮೂರನ್ನೂ ಟಾರ್ಚ್ ಹಿಡಿದು ನೋಡಿ. ಎಲ್ಲ ಯುಎಸ್‌ಬಿ ಸಾಧನ, ಡಿಸ್ಕಿನ ಸಾಟಾ ಕೇಬಲ್, ಮುಂಭಾಗದ ಕನೆಕ್ಟರ್ ಬಿಡಿಸಿ ಒಮ್ಮೆ ಆನ್ ಮಾಡಿದರೆ ಈ ಗುಂಪಿನ ಬಹಳಷ್ಟು ದೋಷ ಬೇಗ ಸಿಕ್ಕಿಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ ತೆಗೆದಾಗ ಯಂತ್ರ ನಿಲ್ಲದೆ ಓಡಿದರೆ ಅನುಮಾನ ಆ ಕಾರ್ಡಿನ ಮೇಲೆ ಅಥವಾ ಅದಕ್ಕೆ ಬೇಕಾದಷ್ಟು ಕೊಡಲಾರದ ಎಸ್‌ಎಂಪಿಎಸ್ ಮೇಲೆ.

ಕೆಲವು ಸೆಕೆಂಡು ಅಥವಾ ಒಂದೆರಡು ನಿಮಿಷ ಓಡಿ ಆಮೇಲೆ ನಿಂತರೆ ಅದು ಬಿಸಿ. ಕೂಲರಿನ ಅಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ, ನಾಲ್ಕೂ ಕಾಲು ಸಮನಾಗಿ ಕೂತಿವೆಯೇ, ಫ್ಯಾನ್ ವೈರು ಸಿಪಿಯು ಫ್ಯಾನ್ ಎಂದು ಬರೆದ ಜಾಗದಲ್ಲೇ ಇದೆಯೇ ನೋಡಿ.

ಆದರೆ ಮೊದಲ ಸಲ ಆನ್ ಮಾಡಿದಾಗ ಅಥವಾ ಬಯಾಸ್ ರೀಸೆಟ್ ಮಾಡಿದ ಮೇಲೆ ಒಂದೆರಡು ಸಲ ತಾನೇ ಆರಿ ಹೊತ್ತಿಕೊಳ್ಳುವುದು ದೋಷವಲ್ಲ, ರ‍್ಯಾಮ್ ಹೊಂದಿಸಿಕೊಳ್ಳುವ ಕೆಲಸ. ಎಎಂಡಿಯ ಎಎಂ5 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡಿನಲ್ಲಿ ಡಿಡಿಆರ್5 ರ‍್ಯಾಮ್ ಮೊದಲ ಸಲ ಹೊಂದಿಕೊಳ್ಳಲು ಹಲವು ನಿಮಿಷ ಹಿಡಿಯುತ್ತದೆ, ಅಷ್ಟೂ ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಮಧ್ಯದಲ್ಲಿ ಆರಿಸಿದರೆ ಮೊದಲಿನಿಂದ ಶುರು. ಕನಿಷ್ಠ 15 ನಿಮಿಷ ಕೈ ಕಟ್ಟಿ ಕೂರಿ.

ಎಲ್ಲ ತಿರುಗುತ್ತಿದೆ, ಡಿಸ್‌ಪ್ಲೇ ಇಲ್ಲ

ಅತಿ ಹೆಚ್ಚು ಕಾಡುವುದು ಇದೇ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹೋಗಿರಬೇಕು, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಅಲ್ಲ. ಮಾನಿಟರಿನ ಇನ್‌ಪುಟ್ ಸರಿಯಾದ ಪೋರ್ಟಿಗೆ ಬದಲಿಸಿ. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಯಂತ್ರವಾದರೆ ಪ್ರೊಸೆಸರ್ ಹೆಸರು ಓದಿ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್, ಎಎಂಡಿಯ ರೈಜೆನ್ 5 5600, 5600ಎಕ್ಸ್, 7500ಎಫ್ ಮುಂತಾದವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಅವು ಏನನ್ನೂ ತೋರಿಸಲಾರವು, ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ.

ಈಗ ಬೋರ್ಡೇ ಏನು ಹೇಳುತ್ತಿದೆ ಕೇಳಿ. ಈಚಿನ ಬಹಳಷ್ಟು ಬೋರ್ಡುಗಳ ಬಲ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ಎಲ್‌ಇಡಿ ಇರುತ್ತವೆ. ಇವು ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕಿನವು. ಶುರುವಾಗುವಾಗ ಒಂದೊಂದಾಗಿ ಹೊತ್ತಿ ಆರುತ್ತವೆ. ಯಾವುದು ಹೊತ್ತಿಕೊಂಡೇ ಉಳಿಯಿತೋ ಯಂತ್ರ ಅಲ್ಲಿ ನಿಂತಿದೆ. ದುಬಾರಿ ಬೋರ್ಡುಗಳಲ್ಲಿ ಎರಡಂಕಿಯ ಕೋಡ್ ಪರದೆ ಇರುತ್ತದೆ. ಎಎಂಐ ಎಂಬ ಕಂಪನಿಯ ಬಯಾಸಿನಲ್ಲಿ 55 ಎಂದರೆ ರ‍್ಯಾಮ್ ಕಾಣುತ್ತಿಲ್ಲ, ಡಿ6 ಎಂದರೆ ಡಿಸ್‌ಪ್ಲೇ ಸಾಧನ ಕಾಣುತ್ತಿಲ್ಲ. ಎರಡೂ ಇಲ್ಲದ ಬೋರ್ಡಿಗೆ ನಾಲ್ಕು ಪಿನ್ನಿನ ಪುಟ್ಟ ಬೀಪ್ ಸ್ಪೀಕರ್ ಹಾಕಿಕೊಳ್ಳಿ, ತೀರಾ ಅಗ್ಗ. ಬೀಪ್‌ಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಮ್ಯಾನುಯಲ್ ನೋಡಿಯೇ ತೀರ್ಮಾನಿಸಿ.

ಡಿರ‍್ಯಾಮ್ ಎಲ್‌ಇಡಿ ಉರಿಯುತ್ತಿದ್ದರೆ ಎಲ್ಲ ರ‍್ಯಾಮ್ ತೆಗೆದು ಒಂದನ್ನೇ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದಕ್ಕೆ. ಎರಡಿದ್ದರೆ ಎರಡನೆಯದು ಮತ್ತು ನಾಲ್ಕನೆಯದು. ಒತ್ತುವಾಗ ಎರಡೂ ತುದಿಯಲ್ಲಿ ಟಕ್ ಎನ್ನಬೇಕು. ಒಂದೇ ಕಡೆ ಕ್ಲಿಪ್ ಇರುವ ಬೋರ್ಡಿನಲ್ಲಿ ಕ್ಲಿಪ್ ಇಲ್ಲದ ತುದಿ ಎದ್ದುಕೊಂಡಿರುತ್ತದೆ, ಅಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಪ್ರತಿ ರ‍್ಯಾಮನ್ನೂ ಒಂದೊಂದಾಗಿ ಅದೇ ಸ್ಲಾಟಿನಲ್ಲಿ, ಆಮೇಲೆ ಒಂದೇ ರ‍್ಯಾಮನ್ನು ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿದರೆ ಕೆಟ್ಟದ್ದು ರ‍್ಯಾಮೋ ಸ್ಲಾಟೋ ತಿಳಿಯುತ್ತದೆ. ಚಿನ್ನದ ಬಣ್ಣದ ಅಂಚು ಮಸುಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ. ಅಂಗಡಿಗಳಲ್ಲಿ ರಬ್ಬರ್ ಉಜ್ಜುವ ರೂಢಿಯಿದೆ. ಮೃದುವಾದ ಬಿಳಿ ಪೆನ್ಸಿಲ್ ರಬ್ಬರಾದರೆ ಹಗುರಾಗಿ ಉಜ್ಜಿ ಪುಡಿ ಕೊಡವಿಬಿಡಿ. ಇಂಕು ಅಳಿಸುವ ಒರಟು ರಬ್ಬರ್ ಚಿನ್ನದ ಲೇಪವನ್ನೇ ಕಿತ್ತುಹಾಕುತ್ತದೆ, ಅದು ಬೇಡ.

ಎಲ್ಲ ರ‍್ಯಾಮೂ ಒಂದು ಬದಿಯ ಸ್ಲಾಟುಗಳಲ್ಲಿ ಮಾತ್ರ ಕೆಲಸ ಮಾಡುತ್ತಿದ್ದರೆ ದೋಷ ರ‍್ಯಾಮಿನದಲ್ಲ. ಕೂಲರಿನ ಒಂದು ಮೂಲೆ ಅತಿ ಬಿಗಿಯಾಗಿ ಪ್ರೊಸೆಸರ್ ಓರೆಯಾಗಿ ಒತ್ತಿಕೊಂಡಿರಬಹುದು, ಅಥವಾ ಸಾಕೆಟ್ಟಿನ ಪಿನ್ ಬಾಗಿರಬಹುದು. ಕೂಲರ್ ಸಡಿಲಿಸಿ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಸಿಪಿಯು ಎಲ್‌ಇಡಿ ಉರಿಯುತ್ತಿದ್ದರೆ 8 ಪಿನ್ ಕೇಬಲ್ ಮತ್ತೊಮ್ಮೆ ನೋಡಿ, ಆಮೇಲೆ ಬಯಾಸ್ ಬಗ್ಗೆ ಯೋಚಿಸಿ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತಿದ್ದ ಬೋರ್ಡಿನ ಬಯಾಸ್, ಆಮೇಲೆ ಬಂದ ಪ್ರೊಸೆಸರನ್ನು ಗುರುತಿಸುವುದಿಲ್ಲ. ಬಿ450 ಬೋರ್ಡಿಗೆ ರೈಜೆನ್ 5000, ಬಿ650ಗೆ ರೈಜೆನ್ 9000, ಎಚ್610 ಅಥವಾ ಬಿ660ಗೆ ಇಂಟೆಲ್‌ನ 13, 14ನೇ ತಲೆಮಾರು – ಈ ಜೋಡಿಗಳಲ್ಲಿ ಇದು ಪದೇಪದೇ ಆಗುತ್ತದೆ. ಬೋರ್ಡ್ ಕಂಪನಿಯ ವೆಬ್‌ಸೈಟಿನ ಸಿಪಿಯು ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಎದುರು ಯಾವ ಬಯಾಸ್ ಆವೃತ್ತಿಯಿಂದ ನಡೆಯುತ್ತದೆ ಎಂದು ಬರೆದಿರುತ್ತದೆ. ಬೋರ್ಡಿನ ಹಿಂಭಾಗದಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಕೆಲಸ ಮಾಡದೆಯೂ ಅಪ್‌ಡೇಟ್ ಆಗುತ್ತದೆ: ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಜಿಪ್ ಬಿಚ್ಚಿದ ಫೈಲಿಗೆ ಮ್ಯಾನುಯಲ್ಲಿನ ಹೆಸರನ್ನೇ ಅಕ್ಷರಶಃ ಕೊಟ್ಟು, ಗುರುತು ಹಾಕಿದ ಪೋರ್ಟಿಗೇ ಹಾಕಿ, ಬಟನ್ ಒತ್ತಿ. ದೀಪ ಮಿನುಗುತ್ತಿರುವಷ್ಟು ಹೊತ್ತು ಕರೆಂಟ್ ಹೋಗಬಾರದು. ಈ ಕೆಲಸಕ್ಕೆ ಯುಪಿಎಸ್ ಇರಲೇಬೇಕು. ಮಳೆ ಗುಡುಗಿನ ಸಂಜೆ ಇದಕ್ಕೆ ಕೈ ಹಾಕಬೇಡಿ.

ಆಗಲೂ ಸಿಪಿಯು ಎಲ್‌ಇಡಿ ಆರದಿದ್ದರೆ ಮಾತ್ರ ಕೂಲರ್ ತೆಗೆಯಿರಿ. ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನ ಪ್ರೊಸೆಸರ್ ಆದರೆ ನೇರ ಮೇಲಕ್ಕೆ ಎಳೆಯಬೇಡಿ. ಥರ್ಮಲ್ ಪೇಸ್ಟಿಗೆ ಅಂಟಿ ಪ್ರೊಸೆಸರೇ ಲಾಕ್ ಆದ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ ಬಾಗುತ್ತದೆ. ಕೂಲರನ್ನು ಎಡಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲಿಸಿ ಎತ್ತಿ. ಇಂಟೆಲ್ ಮತ್ತು ಎಎಂ5ನಲ್ಲಿ ಪಿನ್ ಇರುವುದು ಸಾಕೆಟ್ಟಿನಲ್ಲಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಎಲ್ಲ ಪಿನ್ನಿನ ತುದಿ ಒಂದೇ ರೀತಿ ಹೊಳೆಯಬೇಕು. ಒಂದು ಜಾಗದಲ್ಲಿ ಹೊಳಪಿನ ಸಾಲು ಮುರಿದಿದ್ದರೆ ಅಲ್ಲಿ ಪಿನ್ ಬಾಗಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡುವುದು ಕಣ್ಣಿಗಿಂತ ಭರವಸೆಯದು.

ವಿಜಿಎ ಎಲ್‌ಇಡಿ ಆದರೆ ಕಾರ್ಡನ್ನು ಕಿತ್ತು ಮತ್ತೆ ಕೂರಿಸಿ, ಅದರ ಪವರ್ ಕೇಬಲ್‌ಗಳೆಲ್ಲ ಹಾಕಿವೆಯೇ ನೋಡಿ. ಹೊಸ 16 ಪಿನ್ ಕನೆಕ್ಟರ್ ಪೂರ್ತಿ ಒಳಹೋಗದೇ ಇದ್ದರೆ ಕರಗುವ ಅಪಾಯವೂ ಇದೆ; ಕಾರ್ಡಿಗೂ ಕನೆಕ್ಟರಿಗೂ ನಡುವೆ ಸಂದು ಕಾಣಬಾರದು. ಬೂಟ್ ಎಲ್‌ಇಡಿ ಎಂದರೆ ಯಂತ್ರ ಎದ್ದಿದೆ, ವಿಂಡೋಸ್ ಇರುವ ಡಿಸ್ಕ್ ಮಾತ್ರ ಸಿಕ್ಕಿಲ್ಲ.

ಇವುಗಳ ನಡುವೆ ಎಲ್ಲಾದರೂ ಒಮ್ಮೆ ಸಿಮಾಸ್ (ಬಯಾಸ್ ಸೆಟ್ಟಿಂಗ್ ಉಳಿಸಿಡುವ ಮೆಮೊರಿ) ತೆರವು ಮಾಡಿ. ಪವರ್ ಕಾರ್ಡ್ ಕಿತ್ತು, ಬೋರ್ಡಿನ ನಾಣ್ಯದಂತಹ ಸಿಆರ್2032 ಬ್ಯಾಟರಿ ತೆಗೆದು, ಪವರ್ ಬಟನ್ 10 ಸೆಕೆಂಡ್ ಒತ್ತಿ, 5 ನಿಮಿಷ ಬಿಟ್ಟು ಹಾಕಿ. ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಡಿಸ್‌ಪ್ಲೇ ಹೋಗಿದ್ದರೆ ಇದೇ ಔಷಧ. ಬ್ಯಾಟರಿಯನ್ನೂ ಅಳೆಯಿರಿ, ಹೊಸದರಲ್ಲಿ 3 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ.

ಯಾವುದೂ ಫಲಿಸದಿದ್ದರೆ ಹೊರಗೆ ತೆಗೆಯಿರಿ

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಬೂದು ಬಣ್ಣದ ಆ್ಯಂಟಿ ಸ್ಟ್ಯಾಟಿಕ್ ಚೀಲದ ಮೇಲೆ ಇಡಬೇಡಿ, ಅದರ ಮೈ ವಿದ್ಯುತ್ ಹರಿಸಬಲ್ಲದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, 24 ಪಿನ್, 8 ಪಿನ್, ಡಿಸ್‌ಪ್ಲೇಗೆ ಬೇಕಾದ್ದು – ಇಷ್ಟೇ ಜೋಡಿಸಿ ಸ್ಕ್ರೂಡ್ರೈವರಿನಿಂದ ಆನ್ ಮಾಡಿ. ಇಲ್ಲಿ ಎದ್ದರೆ ತೊಂದರೆ ಕ್ಯಾಬಿನೆಟ್ಟಿನಲ್ಲಿ ಅಥವಾ ಬಿಟ್ಟ ಭಾಗಗಳಲ್ಲಿದೆ. ಒಂದೊಂದೇ ಸೇರಿಸಿ, ಪ್ರತಿ ಸಲ ಆನ್ ಮಾಡಿ. ಒಂದೇ ಸಲ ಎರಡು ಭಾಗ ಸೇರಿಸಿದರೆ ಇಷ್ಟು ಹೊತ್ತಿನ ಶ್ರಮ ವ್ಯರ್ಥ. ಎಕ್ಸ್‌ಎಂಪಿ ಕೊನೆಗೆ.

ಮೊದಲು ಚೆನ್ನಾಗಿದ್ದು ಈಗ ನಿಂತ ಯಂತ್ರವಾದರೆ ಧೂಳು, ತೇವ, ಅರ್ತಿಂಗ್ ಮೂರನ್ನೂ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಳಸದೆ ಬಿಟ್ಟ ಕಂಪ್ಯೂಟರಿನ ಕನೆಕ್ಟರುಗಳು ಕಿಲುಬು ಹಿಡಿಯುತ್ತವೆ. ಎಸ್‌ಎಂಪಿಎಸ್ ಜಾಲರಿಯೊಳಗೆ ಹಲ್ಲಿ, ಇರುವೆ ಸೇರಿ ಶಾರ್ಟ್ ಆಗುವುದೂ ಇದೆ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ? ಮನೆಯ ಅರ್ತ್ ಸರಿಯಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರುವ ಕರೆಂಟು ಹೋಗಲು ದಾರಿಯಿಲ್ಲದೆ ಲೋಹದ ಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿ. 2–3 ವೋಲ್ಟಿಗಿಂತ ಹೆಚ್ಚಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಬದಲಿ ಭಾಗ ಹಾಕಿ ನೋಡದೆ ಗತಿಯಿಲ್ಲ ಎಂದಾದಾಗ ಅಂಗಡಿಗೆ ಹೋಗಿ. ಬೆಂಗಳೂರಿನ ಎಸ್‌ಪಿ ರೋಡಿನಂತಹ ಕಡೆ ಭಾಗ ಕೊಂಡಿದ್ದರೆ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯೇ ನೋಡಿಕೊಳ್ಳಿ. ಪ್ರೊಸೆಸರ್, ಬೋರ್ಡು, ಒಂದು ರ‍್ಯಾಮ್, ಎಸ್‌ಎಂಪಿಎಸ್ ನಾಲ್ಕನ್ನೂ ಒಯ್ಯಿರಿ. ಅವರ ಬಳಿಯ ಸರಿಯಿರುವ ಭಾಗದ ಜೊತೆ ಒಂದೊಂದನ್ನೇ ಬದಲಿಸಿ ನೋಡಲು ಹೇಳಿ. ಬೋರ್ಡನ್ನು ವಾರಂಟಿಗೆ ಕೊಡುವ ಮುನ್ನ ಸಾಕೆಟ್ಟಿನ ಫೋಟೋ ತೆಗೆದಿಟ್ಟುಕೊಳ್ಳಿ, ಸಾಕೆಟ್ಟಿನ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೊಡಿ. ಪಿನ್ ಬಾಗಿದ್ದರೆ ವಾರಂಟಿ ಸಿಗುವುದಿಲ್ಲ, ಮುಚ್ಚಳವಿಲ್ಲದೆ ಒಯ್ದ ಬೋರ್ಡಿನ ಪಿನ್ ದಾರಿಯಲ್ಲೇ ಬಾಗಬಹುದು.